58 ಬಂದರೂ ಫೇಲ್ ಯಾಕೆ, ಪ್ರಾಕ್ಟರ್ ಹತ್ತಿರ ಹೋಗಿ ಏನು ಕೇಳಬೇಕು?

ಪ್ರಶ್ನೆ: ನಾನು ವಿಟಿಯುಗೆ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಸೇರಿದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೂರನೇ ಸೆಮಿಸ್ಟರ್ ಓದುತ್ತಿದ್ದೇನೆ, 2022ರ ಸ್ಕೀಮ್ (ಆ ವರ್ಷದ ಪಠ್ಯ, ನಿಯಮ). ಹತ್ತನೇ ಕ್ಲಾಸ್‌ವರೆಗೆ ಕನ್ನಡ ಮೀಡಿಯಂ. ಮೊದಲ ಸೆಮಿಸ್ಟರ್ ಎಸ್‌ಜಿಪಿಎ (ಆ ಸೆಮಿಸ್ಟರ್‌ನ ಗ್ರೇಡ್ ಸರಾಸರಿ) 5.15, ಎರಡನೆಯದು 6.05. ಸಿ ಪ್ರೋಗ್ರಾಮಿಂಗ್‌ನಲ್ಲಿ ಇಂಟರ್ನಲ್ಸ್ 41, ಎಕ್ಸ್‌ಟರ್ನಲ್ 17, ಒಟ್ಟು 58 ಬಂದರೂ ಫೇಲ್ ಮಾಡಿದ್ದಾರೆ. ನನ್ನ ಗೆಳತಿಗೆ 22, 20, ಒಟ್ಟು 42. ಅವಳು ಪಾಸ್! ಇದು ಯಾವ ನ್ಯಾಯ? ಅಟಾನಮಸ್ (ಪರೀಕ್ಷೆ, ಗ್ರೇಡ್ ತಾನೇ ನಡೆಸುವ) ಕಾಲೇಜಿನಲ್ಲಿರುವ ನನ್ನ ಅಣ್ಣನಿಗೆ 66ಕ್ಕೆ ಎ ಪ್ಲಸ್ ಕೊಟ್ಟಿದ್ದಾರೆ. ಪ್ರಾಕ್ಟರ್, ಅಂದರೆ ನಮ್ಮ ಓದು ನೋಡಿಕೊಳ್ಳಬೇಕಾದ ಮೇಷ್ಟ್ರು, ಡೈರಿಗೆ ಸೈನ್ ಹಾಕಿಸಿಕೊಂಡು ಕಳಿಸುತ್ತಾರೆ, ಏನೂ ಹೇಳಲ್ಲ. ಸಿಜಿಪಿಎ (ಎಲ್ಲ ಸೆಮಿಸ್ಟರ್ ಸೇರಿದ ಸರಾಸರಿ) 7 ಇಲ್ಲದಿದ್ದರೆ ಪ್ಲೇಸ್‌ಮೆಂಟ್‌ಗೆ ಕೂರಿಸಲ್ಲ ಅಂತಾರೆ. ಇನ್ನು ಆಗುತ್ತಾ? ಪ್ರಾಕ್ಟರ್ ಬದಲಾಯಿಸಿಕೊಳ್ಳಬಹುದಾ? ಗ್ರೇಡ್ ಕಾರ್ಡ್ ಜೊತೆಗೆ ಕಳಿಸಿದ್ದೇನೆ.

ಉತ್ತರ: ಆಗುತ್ತೆ. ಸಮಾಧಾನಕ್ಕೆ ಹೇಳುತ್ತಿಲ್ಲ, ಲೆಕ್ಕ ಹಾಕಿಯೇ ಹೇಳುತ್ತಿದ್ದೇನೆ, ಆ ಲೆಕ್ಕ ಕೆಳಗೆ ಇದೆ. ಆದರೆ ಮೊದಲು 58ರ ವಿಷಯ ಮುಗಿಸೋಣ, ಯಾಕಂದ್ರೆ ಅದು ನಿಮ್ಮನ್ನು ತುಂಬಾ ಕಾಡಿದೆ ಅನ್ನೋದು ಪತ್ರ ಓದಿದರೇ ಗೊತ್ತಾಗುತ್ತದೆ.

ನಿಮ್ಮ ಸ್ಕೀಮ್‌ನಲ್ಲಿ ಒಂದು ಪೇಪರ್ ಪಾಸಾಗಲು ಮೂರು ಗೆರೆ ದಾಟಬೇಕು. ಇಂಟರ್ನಲ್ಸ್‌ನಲ್ಲಿ 50ಕ್ಕೆ 20 ಬರಬೇಕು. ಎಕ್ಸ್‌ಟರ್ನಲ್ 100ಕ್ಕೆ ಬರೆಸಿ 50ಕ್ಕೆ ಇಳಿಸುತ್ತಾರೆ, ಅದರಲ್ಲಿ ಶೇ 35, ಅಂದರೆ 50ಕ್ಕೆ 18 ಬರಬೇಕು. ಎರಡೂ ಸೇರಿ 40 ಆಗಬೇಕು. ಮೂರರಲ್ಲಿ ಯಾವುದು ತಪ್ಪಿದರೂ ಫೇಲ್. 20 ಮತ್ತು 18 ತೆಗೆದವರಿಗೆ ಎರಡು ಕಡೆಯೂ ಮಿನಿಮಮ್ ಬಂತು, ಆದರೆ ಒಟ್ಟು 38. ಅವರೂ ಫೇಲ್. ನಿಮ್ಮ ಗೆಳತಿ ಮೂರನ್ನೂ ದಾಟಿದ್ದಾಳೆ. ನೀವು ನಡುವಿನ ಗೆರೆಯಲ್ಲಿ ನಿಂತಿದ್ದೀರಿ, ಅದೂ ಒಂದೇ ಒಂದು ಅಂಕಕ್ಕೆ.

ಈ ನಿಯಮ ಯಾಕಿದೆ? ಇಂಟರ್ನಲ್ಸ್ ಕೊಡೋದು ನಿಮ್ಮದೇ ಕಾಲೇಜು, ಎಕ್ಸ್‌ಟರ್ನಲ್ ಪೇಪರ್ ನೋಡೋದು ಹೊರಗಿನವರು. ಒಟ್ಟು ಅಂಕ ಮಾತ್ರ ನೋಡಿದರೆ ಇಂಟರ್ನಲ್ಸ್‌ನಲ್ಲಿ 40 ಕೊಟ್ಟುಬಿಟ್ಟರೆ ಸಾಕು, ಪರೀಕ್ಷೆಯಲ್ಲಿ ಏನೂ ಬರೆಯದೆ ಪಾಸಾಗಬಹುದು. ಹಾಗಾಗಬಾರದು ಅಂತ ಪ್ರತ್ಯೇಕ ಗೆರೆ ಹಾಕಿದ್ದಾರೆ. ನನಗೆ ಇದು ಸರಿಯಾದ ನಿಯಮ ಅಂತಲೇ ಅನಿಸುತ್ತದೆ. ಇದನ್ನು ಮೊದಲ ವಾರದಲ್ಲೇ ನಿಮಗೆ ಯಾರೂ ಕೂರಿಸಿ ಹೇಳಲಿಲ್ಲವಲ್ಲ, ಅದು ಮಾತ್ರ ನಿಜವಾದ ಅನ್ಯಾಯ.

ಈಗ ಆ ಎರಡು ಅಂಕಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 50ಕ್ಕೆ 41, 50ಕ್ಕೆ 17. ಇಷ್ಟು ದೊಡ್ಡ ಅಂತರಕ್ಕೆ ಸಾಮಾನ್ಯವಾಗಿ ಎರಡೇ ಕಾರಣ. ಒಂದು, ಕ್ಲಾಸಿನ ಎಲ್ಲರಿಗೂ ಇಂಟರ್ನಲ್ಸ್ ಧಾರಾಳವಾಗಿ ಕೊಟ್ಟಿರಬಹುದು. ಎರಡು, ನಿಮಗೆ ವಿಷಯ ಬರುತ್ತೆ, ಮೂರು ಗಂಟೆ ಕೂತು ಅದನ್ನು ಇಂಗ್ಲಿಷಿನಲ್ಲಿ ಬರೆಯೋದು ಬರಲ್ಲ. ನಿಮ್ಮ ಸಿ ಪೇಪರ್‌ಗೆ ಲ್ಯಾಬ್ ಕೂಡ ಸೇರಿಕೊಂಡಿದೆ, ಆ ಅಂಕಗಳೂ ಇಂಟರ್ನಲ್ಸ್ ಒಳಗೇ ಬರುತ್ತವೆ. ಲ್ಯಾಬ್‌ನಲ್ಲಿ ಪ್ರೋಗ್ರಾಂ ಓಡಿಸುವ, ಪೇಪರ್ ಮೇಲೆ ಅದೇ ಪ್ರೋಗ್ರಾಂ ವಿವರಿಸಿ ಅಂದಾಗ ಮೂರು ಸಾಲು ಬರೆದು ನಿಲ್ಲಿಸುವ ಮಕ್ಕಳು ನಮ್ಮಲ್ಲಿ ತುಂಬಾ ಇದ್ದಾರೆ, ಅದರಲ್ಲೂ ಕನ್ನಡ ಮೀಡಿಯಂನಿಂದ ಬಂದವರು ಜಾಸ್ತಿ. ಇದು ದಡ್ಡತನ ಅಲ್ಲವೇ ಅಲ್ಲ. ಬರೆದು ಬರೆದು ರೂಢಿ ಮಾಡಿಕೊಂಡರೆ ಹೋಗುವ ತೊಂದರೆ. ನಿಮ್ಮದು ಎರಡರಲ್ಲಿ ಯಾವುದು ಅಂತ ನಿಮಗೇ ಗೊತ್ತಿರುತ್ತದೆ, ಪ್ರಾಕ್ಟರ್‌ಗೆ ಅದನ್ನೇ ಮೊದಲು ಹೇಳಿ.

17 ಬಂದಿದೆ ಅಂದರೆ 100ಕ್ಕೆ ಹೆಚ್ಚುಕಡಿಮೆ 33 ಬಂದಿದೆ. ಇಂಥ ಹೊತ್ತಲ್ಲಿ ರಿಸಲ್ಟ್ ಬಂದ ವಾರವೇ ಉತ್ತರ ಪತ್ರಿಕೆಯ ಫೋಟೊಕಾಪಿಗೆ ಅರ್ಜಿ ಹಾಕಬೇಕಿತ್ತು. ಕಾಪಿ ಕೈಗೆ ಬಂದ ಮೇಲೆ ಅದನ್ನು ಆ ಸಬ್ಜೆಕ್ಟ್ ಮಾಡಿದ ಮೇಷ್ಟ್ರಿಗೆ ತೋರಿಸಿ, ಯಾವ ಉತ್ತರಕ್ಕೆ ಎಷ್ಟು ಬರಬೇಕಿತ್ತು ಅಂತ ಹೋಲಿಸಿ ನೋಡಿ, ಆಮೇಲೆ ರೀವಾಲ್ಯುಯೇಶನ್‌ಗೆ ದುಡ್ಡು ಕಟ್ಟಬೇಕಾ ಬೇಡವಾ ಅಂತ ತೀರ್ಮಾನ ಮಾಡೋದು. ಆ ದಿನಾಂಕ ಈಗ ದಾಟಿಹೋಗಿದೆ. ಮುಂದಿನ ಸಲಕ್ಕೆ ನೆನಪಿಟ್ಟುಕೊಳ್ಳಿ, ಈ ಕಿಟಕಿ ಕೆಲವೇ ದಿನ ತೆರೆದಿರುತ್ತದೆ.

ಒಂದು ಒಳ್ಳೆ ಸುದ್ದಿಯೂ ಇದೆ, ಬಹುಶಃ ನೀವು ಗಮನಿಸಿಲ್ಲ. ನಿಮ್ಮ 41 ಎಲ್ಲೂ ಹೋಗಲ್ಲ, ಅದು ಹಾಗೇ ಇರುತ್ತದೆ. ಬ್ಯಾಕ್‌ಲಾಗ್, ಅಂದರೆ ಫೇಲಾದ ಪೇಪರ್, ಮತ್ತೆ ಬರೆದು ಬರೀ ಮಿನಿಮಮ್ 18 ತೆಗೆದರೂ ಒಟ್ಟು 59 ಆಗುತ್ತೆ. 100ಕ್ಕೆ 38 ತೆಗೆದರೆ 60 ಮುಟ್ಟಿ ಬಿ ಪ್ಲಸ್, ಗ್ರೇಡ್ ಪಾಯಿಂಟ್ 7. ಬ್ಯಾಕ್‌ಲಾಗ್ ಅಂದರೆ ಹೇಗೋ ದಾಟಿದರೆ ಸಾಕು ಅಂದುಕೊಂಡು ಓದುವವರೇ ಜಾಸ್ತಿ. ನಿಮಗೆ ಹಾಗಲ್ಲ, ಈ ಒಂದು ಪೇಪರ್ ನಿಮ್ಮ ಸಿಜಿಪಿಎಯನ್ನು ಎತ್ತುವ ಪೇಪರ್. ಐದು ಮಾಡ್ಯೂಲ್, ಒಂದೊಂದಕ್ಕೆ 20 ಅಂಕ, ಒಂದೊಂದರಿಂದ ಒಂದು ಪೂರ್ತಿ ಪ್ರಶ್ನೆ ಬರೆಯಬೇಕು. ಲೂಪ್, ಅರೇ, ಫಂಕ್ಷನ್ ಎಲ್ಲ ನೀವು ಲ್ಯಾಬ್‌ನಲ್ಲಿ ಮಾಡಿರೋದೇ. 45ರ ಗುರಿ ಇಟ್ಟುಕೊಳ್ಳಿ. ಹಳೇ ಪ್ರಶ್ನೆಪತ್ರಿಕೆ ತೆಗೆದು ದಿನಕ್ಕೊಂದು ಉತ್ತರ ಪೆನ್ ಹಿಡಿದು ಬರೆಯಿರಿ. ಓದಬೇಡಿ, ಬರೆಯಿರಿ.

ಇನ್ನು ಎಸ್‌ಜಿಪಿಎ ಲೆಕ್ಕ. ಇದು ಸುಮ್ನೆ ಎಲ್ಲ ಗ್ರೇಡ್ ಕೂಡಿಸಿ ಸರಾಸರಿ ತೆಗೆಯೋದಲ್ಲ. ಪ್ರತಿ ಸಬ್ಜೆಕ್ಟಿನ ಕ್ರೆಡಿಟ್ಟನ್ನು, ಅಂದರೆ ಅದಕ್ಕಿರುವ ತೂಕವನ್ನು, ಗ್ರೇಡ್ ಪಾಯಿಂಟಿನಿಂದ ಗುಣಿಸಿ, ಎಲ್ಲ ಕೂಡಿಸಿ, ಒಟ್ಟು ಕ್ರೆಡಿಟ್ಟಿನಿಂದ ಭಾಗಿಸಬೇಕು. ಯುಜಿಸಿಯ ಹತ್ತು ಪಾಯಿಂಟ್ ಪದ್ಧತಿಯಲ್ಲಿ ಓ ಅಂದರೆ 10, ಎ ಪ್ಲಸ್ 9, ಎ 8, ಬಿ ಪ್ಲಸ್ 7, ಬಿ 6, ಸಿ 5, ಪಿ 4, ಎಫ್ ಸೊನ್ನೆ. ನಿಮ್ಮ ಮೊದಲ ಸೆಮಿಸ್ಟರ್ ತೆಗೆದುಕೊಳ್ಳೋಣ. ಮ್ಯಾಥ್ಸ್ 4 ಕ್ರೆಡಿಟ್, ಪಿ ಬಂದಿದೆ, 16. ಫಿಸಿಕ್ಸ್ 4 ಕ್ರೆಡಿಟ್, ಸಿ, 20. ಸಿ ಪ್ರೋಗ್ರಾಮಿಂಗ್ 3 ಕ್ರೆಡಿಟ್, ಎಫ್, ಸೊನ್ನೆ. ಉಳಿದ ಎರಡು 3 ಕ್ರೆಡಿಟ್ ಪೇಪರ್‌ಗಳಲ್ಲಿ ಬಿ ಮತ್ತು ಬಿ ಪ್ಲಸ್, 18 ಮತ್ತು 21. ಇಂಗ್ಲಿಷ್, ಕನ್ನಡ, ಆರೋಗ್ಯದ ಪೇಪರ್ ಮೂರೂ ಒಂದೊಂದು ಕ್ರೆಡಿಟ್, ಅಲ್ಲಿ 9, 10, 9. ಒಟ್ಟು 103. ಇಪ್ಪತ್ತು ಕ್ರೆಡಿಟ್ಟಿನಿಂದ ಭಾಗಿಸಿದರೆ 5.15. ಸರಿಯಾಗಿ ಬಂತು ಅಲ್ವಾ?

ಈಗ ಒಂದು ಪ್ರಶ್ನೆ. ಪರೀಕ್ಷೆಗೆ ಮುಂಚಿನ ವಾರಗಳಲ್ಲಿ ನಿಮ್ಮ ಸಮಯ ಎಲ್ಲಿ ಹೋಯಿತು? ಆ ಮೂರು ಸಣ್ಣ ಪೇಪರ್‌ಗಳಲ್ಲೂ ಓ ತೆಗೆದಿದ್ದರೆ ನಿಮಗೆ ಹೆಚ್ಚಿಗೆ ಸಿಗುತ್ತಿದ್ದದ್ದು ಎರಡೇ ಪಾಯಿಂಟ್. ಮ್ಯಾಥ್ಸ್ ಒಂದನ್ನೇ ಪಿ ಇಂದ ಬಿ ಪ್ಲಸ್‌ಗೆ ಎತ್ತಿದ್ದರೆ ಹನ್ನೆರಡು. ಸುಲಭದ ಪೇಪರ್ ಓದಿದರೆ ಓದಿದ ತೃಪ್ತಿ ಸಿಗುತ್ತೆ, ಮ್ಯಾಥ್ಸ್ ಪುಸ್ತಕ ತೆಗೆದರೆ ಹೊಟ್ಟೆ ಹಿಂಡುತ್ತೆ, ಹೀಗಾಗಿ ಅದು ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಮೂರನೇ ಸೆಮಿಸ್ಟರ್‌ನ ಸಬ್ಜೆಕ್ಟ್ ಪಟ್ಟಿಯನ್ನು ಇವತ್ತೇ ಕ್ರೆಡಿಟ್ ಪ್ರಕಾರ ಮೇಲಿಂದ ಕೆಳಗೆ ಬರೆದು ಗೋಡೆಗೆ ಅಂಟಿಸಿ.

ಏಳರ ಲೆಕ್ಕ ಹೀಗಿದೆ. ಎರಡು ಸೆಮಿಸ್ಟರ್ ಸೇರಿ ನಿಮ್ಮ ಹತ್ತಿರ ಇರೋದು 224 ಪಾಯಿಂಟ್, 40 ಕ್ರೆಡಿಟ್, ಅಂದರೆ 5.6. ಕಾರ್ಡಿನಲ್ಲಿ ಸಿಜಿಪಿಎ ಇದಕ್ಕಿಂತ ಜಾಸ್ತಿ ಕಾಣಿಸಬಹುದು, ಯಾಕಂದ್ರೆ ಎಫ್ ಬಂದ ಪೇಪರನ್ನು ಸಿಜಿಪಿಎ ಲೆಕ್ಕದಿಂದ ಬಿಡುವ ನಿಯಮಾವಳಿಗಳಿವೆ. ಅದನ್ನು ನೋಡಿ ಆರಾಮಾಗಬೇಡಿ. ಸಿ ಪೇಪರನ್ನು ಬಿ ಪ್ಲಸ್‌ನಲ್ಲಿ ಪಾಸ್ ಮಾಡಿಕೊಂಡರೆ 21 ಸೇರಿ 245 ಆಗುತ್ತೆ, 6.13. ಕ್ಯಾಂಪಸ್ ಪ್ಲೇಸ್‌ಮೆಂಟ್ ಸಾಮಾನ್ಯವಾಗಿ ಏಳನೇ ಸೆಮಿಸ್ಟರ್‌ಗೆ ಶುರು, ಹಾಗಾಗಿ ಅವರು ನೋಡೋದು ಆರನೇ ಸೆಮಿಸ್ಟರ್‌ವರೆಗಿನ ಸಿಜಿಪಿಎ. ಅಲ್ಲಿಗೆ ಸುಮಾರು 120 ಕ್ರೆಡಿಟ್ ಅಂತ ಇಟ್ಟುಕೊಳ್ಳಿ. ಏಳು ಬರಬೇಕಾದರೆ 840 ಪಾಯಿಂಟ್ ಬೇಕು. ಇನ್ನು 595 ಪಾಯಿಂಟನ್ನು 80 ಕ್ರೆಡಿಟ್ಟಿನಲ್ಲಿ ದುಡಿಯಬೇಕು. ಸರಾಸರಿ 7.44. ಅಂದರೆ ಅರ್ಧದಷ್ಟು ಪೇಪರ್‌ಗಳಲ್ಲಿ ಎ, ಉಳಿದ ಅರ್ಧದಲ್ಲಿ ಬಿ ಪ್ಲಸ್. ಕಷ್ಟ, ಆದರೆ ಎರಡನೇ ಸೆಮಿಸ್ಟರ್‌ನಲ್ಲಿ 6.05 ತೆಗೆದ ಹುಡುಗಿಗೆ ಇದು ಆಕಾಶ ಅಲ್ಲ.

ಇದೇ ಕೆಲಸವನ್ನು ನಾಲ್ಕನೇ ಸೆಮಿಸ್ಟರ್ ಮುಗಿದ ಮೇಲೆ ಮಾಡೋಣ ಅಂತ ಬಿಟ್ಟರೆ? ಆಗಲೂ 5.6ರಲ್ಲೇ ಇದ್ದರೆ ಉಳಿದ 40 ಕ್ರೆಡಿಟ್ಟಿಗೆ ಸರಾಸರಿ 9.8 ಬೇಕಾಗುತ್ತೆ. ಮೂರನೇ ಸೆಮಿಸ್ಟರ್ ಶುರುವಾಗುವಾಗ ಪ್ರಾಕ್ಟರ್ ಹೇಳಬೇಕಾದ ಮಾತು ಇದೊಂದೇ. ಬೇರೇನೂ ಹೇಳದಿದ್ದರೂ ನಡೆಯುತ್ತೆ.

ಅಣ್ಣನ ಎ ಪ್ಲಸ್ ವಿಷಯ ಬೇಗ ಮುಗಿಸುತ್ತೇನೆ. ನಿಮ್ಮದು ನೇರ ಗ್ರೇಡಿಂಗ್, 80 ಬಂದರೆ ಎ ಪ್ಲಸ್, 79 ಬಂದರೆ ಇಲ್ಲ. ಕೆಲವು ಅಟಾನಮಸ್ ಕಾಲೇಜುಗಳು, ಐಐಟಿಗಳು ರಿಲೇಟಿವ್ ಗ್ರೇಡಿಂಗ್ ಮಾಡುತ್ತವೆ. ಅಲ್ಲಿ ಕ್ಲಾಸಿನ ಸರಾಸರಿ ಎಷ್ಟು, ಅಂಕಗಳು ಎಷ್ಟು ಹರಡಿವೆ ಅಂತ ನೋಡಿ ಗೆರೆ ಹಾಕುತ್ತಾರೆ. ಪೇಪರ್ ಕಷ್ಟ ಇದ್ದು ಸರಾಸರಿ 45ರ ಹತ್ತಿರ ಇದ್ದರೆ 66 ಅನ್ನೋದು ತುಂಬಾ ಒಳ್ಳೆ ಅಂಕ. ಪೇಪರ್ ಸುಲಭವಾಗಿ ಎಲ್ಲರಿಗೂ 80 ಬಂದಿದ್ದರೆ ಅದೇ 66ಕ್ಕೆ ಸಿ ಬರಬಹುದು. ಯುಜಿಸಿ ಎರಡಕ್ಕೂ ಅವಕಾಶ ಕೊಟ್ಟಿದೆ. ದೊಡ್ಡ ಕ್ಲಾಸಿಗೆ ಇದು ನ್ಯಾಯವಾಗಿಯೇ ಕೆಲಸ ಮಾಡುತ್ತದೆ, ಹದಿನೈದು ಜನರ ಇಲೆಕ್ಟಿವ್‌ಗೆ ಮಾಡಿದರೆ ಮಾತ್ರ ಮಕ್ಕಳಿಗೆ ಅನ್ಯಾಯ ಆಗುತ್ತದೆ, ಅದನ್ನು ನಾನು ಒಪ್ಪಲ್ಲ. ನಿಮ್ಮ ಗ್ರೇಡನ್ನು ಅಣ್ಣನ ಗ್ರೇಡ್ ಜೊತೆ ಹೋಲಿಸಬೇಡಿ, ಅಳತೆಗೋಲೇ ಬೇರೆ.

ಹಾಗೇ ಸಿಜಿಪಿಎಯನ್ನು ಪರ್ಸೆಂಟೇಜ್‌ಗೆ ತಿರುಗಿಸುವಾಗ ಕಣ್ಣು ಮುಚ್ಚಿ ಹತ್ತರಿಂದ ಗುಣಿಸಬೇಡಿ. ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಎಐಸಿಟಿಇ ಕೊಟ್ಟಿರುವ ಕೋಷ್ಟಕದಲ್ಲಿ 6.25 ಅಂದರೆ ಶೇ 55, 6.75 ಅಂದರೆ ಶೇ 60. ನಿಮ್ಮ ಸ್ಕೀಮ್‌ಗೆ ಯಾವ ಸೂತ್ರ ಅನ್ನೋದು ನಿಮ್ಮ ವರ್ಷದ ನಿಯಮಾವಳಿಯಲ್ಲಿ ಇರುತ್ತದೆ, ಅರ್ಜಿಗಳಲ್ಲಿ ಅದನ್ನೇ ಬಳಸಿ.

ನಿಮ್ಮ ವರ್ಷದ ನಿಯಮಾವಳಿ ಅಂತ ಒತ್ತಿ ಹೇಳೋದಕ್ಕೆ ಕಾರಣ ಇದೆ. ಮಕ್ಕಳು ಸಲಹೆ ಕೇಳೋದು ಸೀನಿಯರ್ಸ್ ಹತ್ತಿರ. ಸೀನಿಯರ್‌ದು ಬೇರೆ ಸ್ಕೀಮ್. 2018ರ ಸ್ಕೀಮ್‌ನಲ್ಲಿ ಇಂಟರ್ನಲ್ಸ್ 40, ಎಕ್ಸ್‌ಟರ್ನಲ್ 60 ಇತ್ತು, ಡಿಗ್ರಿಗೆ 175 ಕ್ರೆಡಿಟ್. ನಿಮಗೆ 50 ಮತ್ತು 50, 160 ಕ್ರೆಡಿಟ್. ಅವರು ಪ್ರೀತಿಯಿಂದಲೇ ಹೇಳುತ್ತಾರೆ, ಆದರೆ ಅದು ಅವರ ನಿಯಮ. ಬಿಎ, ಬಿಎಸ್ಸಿ, ಬಿಕಾಂ ಓದುವವರಿಗಂತೂ ಇದು ಇನ್ನೂ ಗೋಜಲು. 2021-22ರಲ್ಲಿ ಸೇರಿದವರಿಗೆ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯ, ನಾಲ್ಕು ವರ್ಷದ ಆನರ್ಸ್‌ಗೆ ಅವಕಾಶ. 2024-25ರಿಂದ ಸೇರಿದವರಿಗೆ ರಾಜ್ಯ ಮತ್ತೆ ಮೂರು ವರ್ಷದ ಡಿಗ್ರಿಗೆ ಬಂತು. ಒಂದೇ ಕಾಲೇಜು, ಒಂದೇ ಕಾರಿಡಾರ್, ಪಕ್ಕದ ಕ್ಲಾಸಿನವರಿಗೆ ಬೇರೆ ನಿಯಮ. ಆ ಪಿಡಿಎಫ್ ಡೌನ್‌ಲೋಡ್ ಮಾಡಿ ಫೋನಿನಲ್ಲಿ ಇಟ್ಟುಕೊಳ್ಳಿ. ಎಲ್ಲ ಓದಬೇಕಿಲ್ಲ. ಪಾಸಾಗಲು ಎಷ್ಟು ಬೇಕು, ಹಾಜರಾತಿ ಎಷ್ಟು, ಎಷ್ಟು ಬ್ಯಾಕ್‌ಲಾಗ್ ಇದ್ದರೆ ಮುಂದಿನ ವರ್ಷಕ್ಕೆ ಬಿಡಲ್ಲ, ರೀವಾಲ್ಯುಯೇಶನ್ ಹೇಗೆ, ಇಷ್ಟು ಓದಿದರೆ ಸಾಕು.

ಹಾಜರಾತಿ ಅಂದಾಗ ನೆನಪಾಯಿತು. ವಿಟಿಯುನಲ್ಲಿ ಶೇ 85 ಬೇಕು, ಸರಿಯಾದ ಕಾರಣ ಇದ್ದರೆ ಶೇ 10ರವರೆಗೆ ಮನ್ನಾ ಸಿಗಬಹುದು. 75 ಸಾಕು ಅಂತ ಹಾಸ್ಟೆಲ್‌ನಲ್ಲಿ ಹೇಳಿಕೊಳ್ಳುತ್ತಾರಲ್ಲ, ಅದು ಮನ್ನಾ ಸಿಕ್ಕ ಮೇಲಿನ ಸಂಖ್ಯೆ, ನಿಮ್ಮ ಹಕ್ಕು ಅಲ್ಲ. ಇಂಟರ್ನಲ್ಸ್‌ನಲ್ಲಿ 20 ಬರದಿದ್ದರೂ ರಿಸಲ್ಟ್‌ನಲ್ಲಿ ಎನ್‌ಇ ಅಂತ ಬರುತ್ತೆ, ಅಂದರೆ ಪರೀಕ್ಷೆಗೇ ಕೂರಲು ಆಗಲ್ಲ. ಎಫ್‌ಗಿಂತ ಅದು ಕೆಟ್ಟದ್ದು. ಎಫ್ ಬಂದವರು ಪರೀಕ್ಷೆ ಮತ್ತೆ ಬರೆದರೆ ಆಯಿತು, ಎನ್‌ಇ ಬಂದವರು ಮೊದಲು ಇಂಟರ್ನಲ್ಸೇ ಮತ್ತೆ ಮಾಡಬೇಕು.

ಈಗ ಪ್ರಾಕ್ಟರ್. ಮೇಷ್ಟ್ರುಗಳೂ ಇದನ್ನು ಓದುತ್ತಾರೆ, ಹಾಗಾಗಿ ಅವರಿಗೂ ಸೇರಿಸಿ ಹೇಳುತ್ತೇನೆ.

ಎಐಸಿಟಿಇ ಪ್ರಕಾರ ಇಪ್ಪತ್ತು ವಿದ್ಯಾರ್ಥಿಗಳಿಗೆ ಒಬ್ಬ ಅಧ್ಯಾಪಕ ಇರಬೇಕು, ಬಹಳ ಕಡೆ ಪ್ರಾಕ್ಟರ್‌ಗೂ ಸುಮಾರು ಅಷ್ಟೇ ಮಕ್ಕಳನ್ನು ಕೊಡುತ್ತಾರೆ. ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ತಂಡವೂ ಮೆಂಟರ್ ಎಷ್ಟು, ವಿದ್ಯಾರ್ಥಿ ಎಷ್ಟು ಅಂತ ಕೇಳುತ್ತದೆ. ಅದಕ್ಕೇ ಡೈರಿ ಇದೆ. ಪ್ರಾಕ್ಟರ್ ಡೈರಿ ತೆಗೆದು ನೋಡಿ, ಪೋಷಕರ ಫೋನ್ ನಂಬರ್, ಹತ್ತನೇ ಕ್ಲಾಸು ಪಿಯುಸಿ ಅಂಕ, ಮೂರು ಟೆಸ್ಟಿನ ಕಾಲಂ, ಹಾಜರಾತಿ ಕಾಲಂ, ಕೊನೆಯಲ್ಲಿ ರಿಮಾರ್ಕ್ಸ್ ಅಂತ ಒಂದು ಸಾಲು. ಆ ಸಾಲಿನಲ್ಲಿ ಎಲ್ಲರಿಗೂ ಚೆನ್ನಾಗಿ ಓದಲು ಸೂಚಿಸಲಾಗಿದೆ ಅಂತ ಬರೆದಿರುತ್ತದೆ. ಇಪ್ಪತ್ತು ಮಕ್ಕಳಿಗೂ ಅದೇ ವಾಕ್ಯ. ಅಲ್ಲಿ 'ಇಂಟರ್ನಲ್ಸ್ 41, ಎಕ್ಸ್‌ಟರ್ನಲ್ 17, ಬರವಣಿಗೆ ತೊಂದರೆ, ವಾರಕ್ಕೊಂದು ಉತ್ತರ ತಂದು ತೋರಿಸಲು ಹೇಳಿದ್ದೇನೆ' ಅಂತ ಒಂದು ಸಾಲು ಬಿದ್ದಿದ್ದರೆ ಈ ಹುಡುಗಿ ನನಗೆ ಪತ್ರ ಬರೆಯುತ್ತಿರಲಿಲ್ಲ.

ಮೇಷ್ಟ್ರಿಗೆ ಪಾಠ, ಲ್ಯಾಬ್, ಪರೀಕ್ಷಾ ಡ್ಯೂಟಿ, ಫೈಲ್ ಕೆಲಸ, ಎಲ್ಲ ಇದೆ, ನನಗೆ ಚೆನ್ನಾಗಿ ಗೊತ್ತು. ಆದರೆ ಇಪ್ಪತ್ತು ಮಕ್ಕಳಲ್ಲಿ ತುರ್ತಾಗಿ ಕೂರಿಸಿ ಮಾತಾಡಬೇಕಾದವರು ನಾಲ್ಕೈದು ಜನ ಇರುತ್ತಾರೆ, ಅಷ್ಟೇ. ಮೊದಲ ಇಂಟರ್ನಲ್ಸ್ ಆದ ವಾರ ಅವರನ್ನು ಒಬ್ಬೊಬ್ಬರಾಗಿ ಕರೆಯಿರಿ, ಸ್ಟಾಫ್ ರೂಮಿನಲ್ಲಿ ಎಲ್ಲರ ಎದುರು ಅಂಕ ಓದಿ ಹೇಳಬೇಡಿ. ಬ್ಲೂ ಬುಕ್ (ಟೆಸ್ಟಿನ ಉತ್ತರ ಪುಸ್ತಕ) ಒಂದು ವಾರದಲ್ಲಿ ವಾಪಸ್ ಕೊಡಿ, ಎಲ್ಲಿ ಅಂಕ ಹೋಯಿತು ಅಂತ ಅದರಲ್ಲೇ ತೋರಿಸಿ. ಅಸೈನ್‌ಮೆಂಟಿಗೆ ಎಷ್ಟು, ಟೆಸ್ಟಿಗೆ ಎಷ್ಟು ಅಂತ ಮೊದಲ ಕ್ಲಾಸಿನಲ್ಲೇ ಹೇಳಿ, ನಡುವೆ ಬದಲಾಯಿಸಬೇಡಿ. ಮತ್ತೆ, ಪಾಪ ಮಕ್ಕಳು ಅಂತ ಇಂಟರ್ನಲ್ಸ್ 40ರ ಮೇಲೆ ತುಂಬಿಸುವ ಅಭ್ಯಾಸ ದಯವಿಟ್ಟು ಬಿಡಿ. ಅದು ಉಪಕಾರ ಅಲ್ಲ. ಟೆಸ್ಟಿನಲ್ಲೇ ಕಡಿಮೆ ಅಂಕ ನೋಡಿದ್ದರೆ ಆ ಮಗು ಎರಡು ತಿಂಗಳು ಮುಂಚೆ ಎಚ್ಚರಾಗುತ್ತಿತ್ತು. ಕನ್ನಡದಲ್ಲಿ ಕೇಳುವ ಮಕ್ಕಳಿಗೆ ಕನ್ನಡದಲ್ಲೇ ಹೇಳಿ. ಇಂಗ್ಲಿಷ್‌ಗೆ ಹೆದರಿ ಬಾಗಿಲ ಹತ್ತಿರವೇ ನಿಂತು ಸೈನ್ ಹಾಕಿ ಹೋಗುವವರು ಒಳಗೆ ಬಂದು ಕೂರುತ್ತಾರೆ.

ಮತ್ತೆ ನಿಮ್ಮ ಕಡೆಗೆ ಬರುತ್ತೇನೆ. ಪ್ರಾಕ್ಟರ್ ಹತ್ತಿರ ಬರಿಗೈಲಿ ಹೋಗಬೇಡಿ. 'ಸರ್, ಏನು ಮಾಡಲಿ' ಅಂದರೆ 'ಚೆನ್ನಾಗಿ ಓದಮ್ಮ' ಅಂತಲೇ ಉತ್ತರ ಬರೋದು. ಒಂದು ಹಾಳೆಯಲ್ಲಿ ಮೇಲಿನ ಲೆಕ್ಕ ಬರೆದುಕೊಂಡು ಹೋಗಿ: 5.6, ಸಿ ಪೇಪರ್ ಪಾಸಾದರೆ 6.13, ಆರನೇ ಸೆಮಿಸ್ಟರ್‌ಗೆ 7 ಬೇಕು, ಅದಕ್ಕೆ 7.44. ಆಮೇಲೆ ಕೇಳಿ. ಸಿ ಬ್ಯಾಕ್‌ಲಾಗ್ ಪರೀಕ್ಷೆಗೆ ಅರ್ಜಿ ಹಾಕಲು ಕೊನೇ ದಿನ ಯಾವತ್ತು? ಅದನ್ನು ಈ ಸೆಮಿಸ್ಟರ್ ಪರೀಕ್ಷೆಗಳ ಮಧ್ಯೆ ಹೇಗೆ ಹೊಂದಿಸಿಕೊಳ್ಳಲಿ? ನನ್ನ ಉತ್ತರಗಳನ್ನು ಯಾರಾದರೂ ನೋಡಿ ತಿದ್ದುತ್ತಾರಾ? ನಮ್ಮ ಕಾಲೇಜಿನ ಪ್ಲೇಸ್‌ಮೆಂಟ್ ಕಟ್‌ಆಫ್ ನಿಜವಾಗಿ ಎಷ್ಟು, ಎಲ್ಲ ಕಂಪನಿಗೂ ಒಂದೇನಾ? ಇದನ್ನು ಪ್ಲೇಸ್‌ಮೆಂಟ್ ಆಫೀಸಿನಲ್ಲೂ ಕೇಳಿ, ಬಾಯಿಮಾತಿನ 7 ಕೆಲವು ಕಂಪನಿಗಳಿಗೆ 6 ಇರಬಹುದು. ಬ್ಯಾಕ್‌ಲಾಗ್ ಉಳಿದಿದ್ದರೆ ಮಾತ್ರ ಬಹಳ ಕಂಪನಿಗಳು ಒಳಗೇ ಬಿಡಲ್ಲ, ಹಾಗಾಗಿ ಸಿ ಪೇಪರ್ ಮೊದಲು. ಎಐಸಿಟಿಇ ಆಕ್ಟಿವಿಟಿ ಪಾಯಿಂಟ್ಸ್, ಅಂದರೆ ಪಾಠದ ಆಚೆಗಿನ ಚಟುವಟಿಕೆಗಳಿಗೆ ಕೊಡುವ ಪಾಯಿಂಟ್, ಅದರ ಬಗ್ಗೆಯೂ ಕೇಳಿ. ನಿಮಗೆ 100 ಬೇಕು, ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಸೇರಿದವರಿಗೆ 75. ಎಂಟನೇ ಸೆಮಿಸ್ಟರ್‌ನಲ್ಲಿ ನೆನಪಾದವರ ಓಡಾಟ ನೋಡಕ್ಕಾಗಲ್ಲ, ವರ್ಷಕ್ಕಿಷ್ಟು ಅಂತ ಈಗಲೇ ಮುಗಿಸುತ್ತಾ ಬನ್ನಿ.

ಮಾತಾಡಿ ಬಂದ ದಿನವೇ, ಏನು ತೀರ್ಮಾನ ಆಯಿತು ಅಂತ ಎರಡು ಸಾಲು ಅವರಿಗೆ ಮೇಲ್ ಮಾಡಿ. ದೂರು ಅಲ್ಲ ಅದು, ಅವರಿಗೂ ಡೈರಿ ತುಂಬಲು ಅನುಕೂಲ. ಮೂರು ವಾರ ಬಿಟ್ಟು ಮತ್ತೆ ಹೋಗಿ. ಬಹಳ ಮೇಷ್ಟ್ರುಗಳು ಮಗು ತಾನಾಗೇ ಬಂದು ಕೇಳಿದರೆ ಸಹಾಯ ಮಾಡದೇ ಇರಲ್ಲ.

ಅಷ್ಟಾದರೂ ಸೈನ್ ಹಾಕಿಸಿಕೊಂಡು ಕಳಿಸುತ್ತಿದ್ದರೆ, ಹೌದು, ಪ್ರಾಕ್ಟರ್ ಬದಲಾಯಿಸಲು ಕೇಳಬಹುದು. ಎಚ್‌ಒಡಿ (ವಿಭಾಗದ ಮುಖ್ಯಸ್ಥರು) ಹೆಸರಿಗೆ ಅರ್ಜಿ ಬರೆಯಿರಿ. ಪ್ರಾಕ್ಟರ್ ಮೇಲೆ ದೂರು ಬರೆಯಬೇಡಿ, ಸಿ ಪೇಪರ್ ಮತ್ತು ಬರವಣಿಗೆಗೆ ಸಹಾಯ ಬೇಕು, ಆ ಸಬ್ಜೆಕ್ಟ್ ಮಾಡುವ ಇಂಥವರ ಗುಂಪಿಗೆ ಹಾಕಿ ಅಂತ ಕೇಳಿ. ಯಾರ ಹತ್ತಿರ ಹೋಗಬೇಕು ಅಂತ ನೀವೇ ಹೆಸರು ಹೇಳಿದರೆ ಎಚ್‌ಒಡಿಗೂ ಒಪ್ಪಿಕೊಳ್ಳೋದು ಸುಲಭ. ಆ ಮೇಷ್ಟ್ರನ್ನು ಮುಂಚೆಯೇ ಒಂದು ಮಾತು ಕೇಳಿಕೊಂಡಿರಿ.